ಕೆಂಪು ಬಾಣ ಹಾಕಿದ ಪಿಡಿಎಫ್

ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಅಂದರೆ ಬಿಟ್ಟಿ ಸಿಕ್ಕಿದ ಆಳು ಅಂತ ಎಲ್ಲರಿಗೂ ಒಂದು ನಂಬಿಕೆ. ಪರೀಕ್ಷೆ ಬಂದರೆ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆಯುವವನು ನಾನು. ವಾರ್ಷಿಕೋತ್ಸವಕ್ಕೆ ಥರ್ಮೋಕೋಲಿನಲ್ಲಿ ಅಕ್ಷರ ಕತ್ತರಿಸುವವನು ನಾನು. ಯಾರಾದರೂ ದೊಡ್ಡವರು ತೀರಿಕೊಂಡರೆ ಗೇಟಿನ ಬೋರ್ಡಿನ ಮೇಲೆ ‘ಇಂದು ರಜೆ’ ಅಂತ ದುಂಡಗೆ ಬರೆಯುವವನೂ ನಾನೇ. ಚಿಕ್ಕಬಾಣಾವರದ ಆ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಇದನ್ನೆಲ್ಲ ಗೊಣಗಿಕೊಂಡೇ ಮಾಡಿದ್ದೇನೆ. ಹಾಗಾಗಿ ಮೆಟ್ರೋ ನಾಗಸಂದ್ರದವರೆಗೆ ಬಂದ ಮರುವರ್ಷ, ಹೆಡ್ಮಾಸ್ಟರು ಯಾವುದೋ ಮೀಟಿಂಗ್ ಮುಗಿಸಿಕೊಂಡು ನೆಟ್ಟಗೆ ನನ್ನ ಕ್ಲಾಸಿನ ಬಾಗಿಲಿಗೆ ಬಂದು ನಿಂತಾಗ, ಇನ್ನೇನೋ ಬಂತಪ್ಪ ತಲೆಗೆ ಅಂದುಕೊಂಡೆ.

“ಮೇಷ್ಟ್ರೇ, ಒಂದು ಪಿಡಿಎಫ್ ಮಾಡ್ಬೇಕು,” ಅಂದರು.

“ನಾನಾ?”

“ಚಿತ್ರ ಹಾಕಿ ಮಾಡ್ಬೇಕಂತೆ. ಚಿತ್ರ ಅಂದ್ರೆ ನಿಮ್ ಡಿಪಾರ್ಟ್‌ಮೆಂಟ್ ಅಲ್ವಾ?”

ವಿಷಯ ಇಷ್ಟು. ಆ ವರ್ಷದಿಂದ ಪ್ರತಿ ಮಗುವಿನ ಹೆಸರು, ತರಗತಿ, ಫೋಟೋ ಎಲ್ಲವೂ ಇಲಾಖೆಯ ವೆಬ್‌ಸೈಟಿನಲ್ಲಿ ಇರಬೇಕಿತ್ತು. ಪ್ರತಿ ಮಗುವಿಗೂ ಒಂದು ನಂಬರು. ಮಗು ಒಂದು ಶಾಲೆ ಬಿಟ್ಟು ಇನ್ನೊಂದಕ್ಕೆ ಹೋದರೆ, ಹೊಸ ಶಾಲೆಯವರು ಆ ನಂಬರು ಹೊಡೆದು ‘ಸೇರಿಸಿಕೊಳ್ಳಿ’ ಅನ್ನುವ ಗುಂಡಿ ಒತ್ತಬೇಕು. ಹಳೆಯ ಶಾಲೆಯವರು ಅದನ್ನು ನೋಡಿ ‘ಒಪ್ಪಿಗೆ’ ಒತ್ತಬೇಕು. ಆಗ ಮಗು ಅಲ್ಲಿಂದ ಇಲ್ಲಿಗೆ ಬಂದ ಹಾಗೆ. ಕೇಳಲಿಕ್ಕೇನೋ ಸುಲಭ. ಆದರೆ ನಮ್ಮ ಸುತ್ತಮುತ್ತಲಿನ ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ ಅರ್ಧ ಜನ ನಿವೃತ್ತಿಯ ಅಂಚಿನಲ್ಲಿದ್ದವರು, ಮೌಸು ಮುಟ್ಟಿದರೆ ಕೈ ನಡುಗುವವರು. ಅವರಿಗೆ ಒಂದೊಂದು ಹೆಜ್ಜೆಯನ್ನೂ ಚಿತ್ರ ಸಮೇತ ತೋರಿಸುವ ಕೈಪಿಡಿ ಬೇಕು ಅಂತ ಮೀಟಿಂಗಿನಲ್ಲಿ ಮಾತಾಗಿ, ನಮ್ಮ ಹೆಡ್ಮಾಸ್ಟರು ‘ನಮ್ಮಲ್ಲಿ ಆರ್ಟಿಸ್ಟ್ ಇದ್ದಾರೆ’ ಅಂತ ಕೈ ಎತ್ತಿಬಿಟ್ಟಿದ್ದರು.

ಕಂಪ್ಯೂಟರಿನ ತೆರೆಯ ಚಿತ್ರ ತೆಗೆಯುವುದು ಹೇಗೆ ಅಂತ ನನಗೆ ಗೊತ್ತಿರಲಿಲ್ಲ. ಮೊದಲ ದಿನ ಫೋನಿನಲ್ಲಿ ಫೋಟೋ ಹೊಡೆದೆ. ಅಡ್ಡಡ್ಡ ಪಟ್ಟಿ ಬಂತು, ನಡುವೆ ನನ್ನ ಬೋಳುತಲೆಯ ನೆರಳೂ ಬಂತು. ಸ್ಟೇಷನ್ ರಸ್ತೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅದನ್ನು ನೋಡಿ ನಕ್ಕು, ಕೀಬೋರ್ಡಿನ ಮೇಲ್ತುದಿಯ ಒಂದು ಗುಂಡಿ ತೋರಿಸಿದಳು. ಪ್ರಿಂಟ್ ಸ್ಕ್ರೀನ್. ಅಷ್ಟು ವರ್ಷ ಆ ಗುಂಡಿಯನ್ನು ನಾನು ಮುಟ್ಟಿರಲಿಲ್ಲ. ಒತ್ತಿದರೆ ಎಲ್ಲಿಂದಲೋ ಕಾಗದ ಬಂದುಬಿಡುತ್ತದೆ ಅನ್ನುವ ಭಯ.

“ಒತ್ತಿ ಸಾರ್, ಏನೂ ಆಗಲ್ಲ. ಆಮೇಲೆ ಪೇಂಟ್ ತೆಗ್ದು ಪೇಸ್ಟ್ ಮಾಡಿ,” ಅಂದಳು.

ಒತ್ತಿದೆ. ನಿಜಕ್ಕೂ ಏನೂ ಆಗಲಿಲ್ಲ. ಪೇಂಟ್ ತೆಗೆದು ಪೇಸ್ಟ್ ಮಾಡಿದರೆ ಇಡೀ ತೆರೆಯೇ ಅಲ್ಲಿ ಬಂದು ಕೂತಿತು. ಅವತ್ತು ನನಗಾದ ಸಂತೋಷ ಹೇಳಿದರೆ ಈಗಿನ ಮಕ್ಕಳು ನಗುತ್ತಾರೆ. ಮಧ್ಯಾಹ್ನವೆಲ್ಲ ಬೇಕಾದ್ದು ಬೇಡದ್ದು ಎಲ್ಲದರ ಚಿತ್ರ ತೆಗೆದೆ, ರೈಲಿನ ವೇಳಾಪಟ್ಟಿಯನ್ನೂ ಬಿಡಲಿಲ್ಲ.

ಆಮೇಲೆ ಶುರುವಾಯಿತು ಪಾಡು. ‘ಇಲ್ಲಿ ಒತ್ತಿ’ ಅನ್ನಲಿಕ್ಕೆ ಕೆಂಪು ವೃತ್ತ ಹಾಕಬೇಕಲ್ಲ. ಕಪ್ಪು ಹಲಗೆಯ ಮೇಲೆ ಕೈವಾರವಿಲ್ಲದೆ ವೃತ್ತ ಎಳೆದು ಮಕ್ಕಳಿಂದ ಚಪ್ಪಾಳೆ ಹೊಡೆಸಿಕೊಂಡವನು ನಾನು. ಆ ಮೌಸಿನಲ್ಲಿ ಎಳೆದರೆ ವೃತ್ತ ಹಲಸಿನ ಬೀಜದ ಹಾಗೆ ಬರುತ್ತಿತ್ತು. ಬಾಣ ಹಾಕಿದರೆ ಅದರ ಮೂತಿ ಇನ್ನೆಲ್ಲೋ ತಿರುಗುತ್ತಿತ್ತು. ಅದನ್ನು ವರ್ಡಿನೊಳಗೆ ತಂದು ಒಂದು ಕೂದಲೆಳೆಯಷ್ಟು ಮೇಲೆ ಸರಿಸಿದರೆ ಕೆಳಗಿನ ಬರವಣಿಗೆ ಎರಡು ಪುಟ ಆಚೆ ಹಾರಿಹೋಗುತ್ತಿತ್ತು. ಕಂಪ್ಯೂಟರಿನ ಅಪ್ಪ ಅಮ್ಮನನ್ನೆಲ್ಲ ಬೈದೆ. ಆದರೂ ಬಿಡಲಿಲ್ಲ. ಸಂಜಯನಗರದ ಮನೆಯಲ್ಲಿ ಎರಡು ಭಾನುವಾರ ಕೂತು, ಹದಿನೆಂಟು ಪುಟದಲ್ಲಿ ಇಪ್ಪತ್ತಾರು ಚಿತ್ರ ಕೂರಿಸಿ, ಒಂದೊಂದಕ್ಕೂ ಮೂತಿ ನೆಟ್ಟಗಿರುವ ಕೆಂಪು ಬಾಣ ಹಾಕಿ, ಪಿಡಿಎಫ್ ಮಾಡಿ ಮುಗಿಸಿದೆ. ನೋಡಿ ನೋಡಿ ನನಗೇ ಸಾಕಾಗಲಿಲ್ಲ. ನನ್ನ ಹೆಂಡತಿ ಅಡುಗೆಮನೆಯಿಂದಲೇ, “ಅದಕ್ಕೊಂದು ಫ್ರೇಮ್ ಹಾಕ್ಸಿ ದೇವ್ರ ಮನೇಲಿ ಇಡಿ,” ಅಂದಳು.

ಇಲ್ಲಿ ಒಂದು ಮಾತು ಹೇಳಬೇಕು. ಆ ಸೈಟು ಯಾವುದಾದರೂ ಮಗುವಿನ ನಂಬರು ಹೊಡೆಯದೆ ಒಳಗಿನ ಪುಟ ತೋರಿಸುತ್ತಿರಲಿಲ್ಲ. ಉದಾಹರಣೆಗೆ ಅಂತ ಒಂದು ಮಗು ಬೇಕಿತ್ತು. ಹತ್ತನೇ ತರಗತಿಯ ಹಾಜರಿ ಪುಸ್ತಕ ಮುಂದಿತ್ತು. ಹುಡುಗಿಯರ ಪಟ್ಟಿಯಲ್ಲಿ ಮೊದಲ ಹೆಸರಿನವಳ ನಂಬರು ಹೊಡೆದೆ. ನಾನೇನು ತಿಳಿಗೇಡಿಯಲ್ಲ. ಹೆಣ್ಣುಮಗಳ ವಿವರ ಊರೆಲ್ಲ ಹೋಗಬಾರದು ಅಂತ ಅವಳ ಹೆಸರಿನ ಮೇಲೆ, ಅಪ್ಪ ಅಮ್ಮನ ಹೆಸರಿನ ಮೇಲೆ, ಫೋಟೋದ ಮೇಲೆ ಕಪ್ಪು ಬಣ್ಣ ತುಂಬಿದೆ. ನಂಬರೊಂದನ್ನು ಮಾತ್ರ ಹಾಗೇ ಬಿಟ್ಟೆ. ‘ವಿದ್ಯಾರ್ಥಿಯ ನಂಬರನ್ನು ಇಲ್ಲಿ ಹೊಡೆಯಿರಿ’ ಅಂತ ಬಾಣ ಹಾಕಿದ ಜಾಗದಲ್ಲಿ ನಂಬರೇ ಕಾಣದಿದ್ದರೆ ಜನಕ್ಕೆ ತಿಳಿಯುವುದು ಹೇಗೆ?

ಕೊನೆಯ ಪುಟದಲ್ಲಿ ನನ್ನದೇ ಒಂದು ಉಪಾಯವನ್ನೂ ಸೇರಿಸಿದ್ದೆ. ಒಪ್ಪಿಗೆ ಕೊಡುವಾಗ ಒಂದೊಂದೇ ಮಗುವಿಗೆ ಟಿಕ್ ಹಾಕುತ್ತಾ ಕೂರಬೇಕಿಲ್ಲ. ಮೇಲಿನ ಚೌಕಕ್ಕೆ ಒಂದು ಟಿಕ್ ಹಾಕಿದರೆ ಎಲ್ಲ ಕೋರಿಕೆಗಳಿಗೂ ಒಟ್ಟಿಗೆ ಒಪ್ಪಿಗೆ ಸಿಗುತ್ತದೆ. ಅದರ ಪಕ್ಕದ ಬಾಣ ಎಲ್ಲಕ್ಕಿಂತ ದೊಡ್ಡದು.

ಮುಖ್ಯೋಪಾಧ್ಯಾಯರ ವಾಟ್ಸಾಪ್ ಗುಂಪಿಗೆ ಅದು ಹೋಯಿತು. ಹೆಬ್ಬೆರಳು, ಕೈಮುಗಿದ ಚಿತ್ರ, ‘ಸೂಪರ್ ಸರ್’, ‘ನಿಮ್ಮ ಪುಣ್ಯದಿಂದ ಕಲಿತೆವು’ ಎಲ್ಲ ಬಂದವು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ನಾನು ಎರಡು ವಾರ ಕೊಡೆ ಮಡಿಚಲೇ ಇಲ್ಲ.

ಇದು ಮಳೆಗಾಲದ ಮಾತು. ಜನವರಿಯಲ್ಲಿ ಒಂದು ಮಂಗಳವಾರ, ಹತ್ತನೇ ತರಗತಿಯ ಪರೀಕ್ಷೆಗೆ ಕೂರುವ ಮಕ್ಕಳ ಪಟ್ಟಿ ಸೈಟಿನಿಂದ ಬಂತು. ತಪ್ಪಿದ್ದರೆ ಗುರುವಾರ ಸಂಜೆ ಐದರೊಳಗೆ ತಿದ್ದಿಸಬೇಕು, ಆಮೇಲೆ ಪಟ್ಟಿಗೆ ಬೀಗ. ಹೆಡ್ಮಾಸ್ಟರು ಪ್ರಿಂಟು ತೆಗೆದು ಎಣಿಸಿದರು. ತರಗತಿಯಲ್ಲಿ ನಲವತ್ತು ಮಕ್ಕಳು, ಪಟ್ಟಿಯಲ್ಲಿ ಮೂವತ್ತೊಂಬತ್ತು. ಮತ್ತೆ ಎಣಿಸಿದರು. ನಾನು ಎಣಿಸಿದೆ. ಹುಡುಗಿಯರಲ್ಲಿ ಮೊದಲನೆಯವಳು ಇರಲಿಲ್ಲ.

ಆಗಲೂ ನನಗೆ ಹೊಳೆಯಲಿಲ್ಲ. ಸೈಟಿನಲ್ಲಿ ಅವಳ ನಂಬರು ಹೊಡೆದು ನೋಡಿದೆ. ಮಾಕಳಿಯ ಆಚೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆ. ಎಂಟನೇ ತರಗತಿ. ನಮ್ಮ ಶಾಲೆಯಿಂದ ವರ್ಗಾವಣೆ, ಒಪ್ಪಿಗೆ ಕೊಟ್ಟವರು ನಾವೇ. ಪಿಡಿಎಫ್ ಮಾಡಿದವನು ಅಂತ ಶಾಲೆಯ ಪರವಾಗಿ ಒಪ್ಪಿಗೆ ಒತ್ತುವ ಕೆಲಸವೂ ನನ್ನ ತಲೆಗೇ ಬಂದಿತ್ತು. ತಾರೀಖು ನೋಡಿದ ಮೇಲೆ ನೆನಪಾಯಿತು. ನವೆಂಬರಿನಲ್ಲಿ ಮಕ್ಕಳನ್ನು ಯಶವಂತಪುರಕ್ಕೆ ಚಿತ್ರ ಸ್ಪರ್ಧೆಗೆ ಕರೆದುಕೊಂಡು ಹೋಗಬೇಕಿತ್ತು, ವ್ಯಾನು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಶಾಲೆ ಬಿಟ್ಟುಹೋದ ಮಕ್ಕಳದ್ದು ಹನ್ನೊಂದು ಕೋರಿಕೆ ತಿಂಗಳುಗಟ್ಟಲೆ ಹಾಗೇ ಬಿದ್ದಿದ್ದವು. ಮೇಲಿನ ಚೌಕಕ್ಕೆ ಒಂದು ಟಿಕ್ ಹಾಕಿ, ಒಪ್ಪಿಗೆ ಒತ್ತಿ, ಓಡಿದ್ದೆ. ಆ ಹನ್ನೊಂದರಲ್ಲಿ ಇವಳದೂ ಒಂದು.

ಹೆಡ್ಮಾಸ್ಟರು ಬ್ಲಾಕ್ ಆಫೀಸಿನ ಆಪರೇಟರಿಗೆ ಫೋನು ಮಾಡಿದರು. ಆಕೆ ಹೇಳಿದ್ದು ಇಷ್ಟು: ಆ ಶಾಲೆಯವರ ಪತ್ರ ಬೇಕು, ಹುಡುಗಿ ಮೂರು ವರ್ಷದಿಂದ ನಮ್ಮಲ್ಲೇ ಓದುತ್ತಿದ್ದಾಳೆ ಅನ್ನುವುದಕ್ಕೆ ದಾಖಲೆಯ ಚಿತ್ರಗಳು ಬೇಕು, ಎಲ್ಲವೂ ಒಂದೇ ಪಿಡಿಎಫ್‌ನಲ್ಲಿರಬೇಕು. ಎರಡು ಎಂಬಿ ಮೀರಿದರೆ ಸೈಟು ತೆಗೆದುಕೊಳ್ಳುವುದಿಲ್ಲ.

ಹುಡುಗಿಯನ್ನು ಕರೆಸಿದೆವು. ಸಣ್ಣ ದನಿಯವಳು. ಡ್ರಾಯಿಂಗಿನಲ್ಲಿ ಒಂದು ಗೆರೆಯನ್ನೂ ನೆಟ್ಟಗೆ ಎಳೆದವಳಲ್ಲ, ಗಣಿತದಲ್ಲಿ ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ವಿಷಯ ಹೇಳಿದಾಗ ಅವಳು ನನ್ನ ಮುಖ ನೋಡಿದಳು.

“ನಾನು ಎಲ್ಲೂ ಹೋಗಿಲ್ವಲ್ಲ ಸಾರ್,” ಅಂದಳು.

ಹೋಗಿಲ್ಲ ಕಣಮ್ಮ, ನಾನೇ ಕಳಿಸಿದೆ ಅಂತ ಹೇಳಬೇಕಿತ್ತು. ಅದನ್ನು ಬಿಟ್ಟು, ಅಮ್ಮನನ್ನು ಬರಹೇಳು ಅಂದೆ.

ಅವಳ ತಾಯಿ ಹತ್ತಿರದಲ್ಲೇ ಬಟ್ಟೆ ಹೊಲಿಯುವ ಒಂದು ಯೂನಿಟ್ಟಿನಲ್ಲಿ ಕೆಲಸಕ್ಕಿದ್ದಳು. ಊಟದ ಬಿಡುವಿನಲ್ಲಿ ಬಂದಳು, ಸೀರೆಯ ಮೇಲೆ ದಾರದ ಚೂರುಗಳು ಹಾಗೇ ಅಂಟಿಕೊಂಡಿದ್ದವು. ಬೈಯುತ್ತಾಳೆ ಅಂತ ನಾನು ಸಿದ್ಧನಾಗಿದ್ದೆ. ನನ್ನ ಮಗಳ ವಿಷಯದಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾನು ಶಾಲೆಯ ಹೆಂಚು ಹಾರಿಸುತ್ತಿದ್ದೆ. ಆಕೆ ಪೂರ್ತಿ ಕೇಳಿಸಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡಳು.

“ಓಗ್ಲಿ ಬುಡಿ ಸಾ,” ಅಂದಳು. “ಒಂದ್ ವರ್ಸ ತಾನೆ. ಯೋಗ ಇದ್ರೆ ಮುಂದಿನ್ ವರ್ಸ ಬರೀತಾಳೆ. ನಮ್ ಯೂನಿಟ್ನಾಗೆ ದಾರ ಕತ್ರಿಸೋಕೆ ಉಡ್ಗೀರು ಬೇಕು ಅಂತಾವ್ರೆ. ಸೂಪರ್‌ವೈಜರು ಆಗ್ಲೇ ಒಂದ್ಸಲ ಕೇಳಿದ್ರು.”

“ಹಾಗೆಲ್ಲ ಅನ್ಬೇಡಮ್ಮ. ಗುರುವಾರದವರೆಗೆ ಟೈಮಿದೆ,” ಅಂದೆ.

“ನಿಮ್ಗೂ ತೊಂದ್ರೆ ಸಾ. ಕಂಪೂಟ್ರಾಗೆ ಇಂಗಾಗೋಗೈತೆ ಅಂದ್ರೆ ನೀವೇನ್ ಮಾಡಕಾಯ್ತದೆ.”

ಜಗಳ ಆಡುವವರಾಗಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಈಕೆ ಜಗಳವನ್ನೇ ಆಡುವುದಿಲ್ಲ. ಒಂದು ವರ್ಷ ಅಂತ ಹೋದ ಹುಡುಗಿ ದಾರ ಕತ್ತರಿಸುತ್ತಾ ಕೂತರೆ ಮತ್ತೆ ಬರುವುದಿಲ್ಲ. ಹಾಗೆ ಹೋದ ಎಷ್ಟೋ ಹುಡುಗಿಯರನ್ನು ನೋಡಿದ್ದೇನೆ. ಆದರೆ ಅವರನ್ನು ಕಳಿಸಿದವನು ನಾನಾಗಿರಲಿಲ್ಲ.

ಬುಧವಾರ ಬೆಳಿಗ್ಗೆ ಸ್ಕೂಟರು ಹತ್ತಿ ಮಾಕಳಿಯ ಕಡೆ ಹೊರಟೆ. ದಾರಿಯುದ್ದಕ್ಕೂ ಆ ಶಾಲೆಯವರಿಗೆ ಏನೇನು ಬೈಯಬೇಕು ಅಂತ ಜೋಡಿಸಿಕೊಂಡೆ. ತುಮಕೂರು ರಸ್ತೆಯ ಲಾರಿಗಳ ನಡುವೆ ನುಗ್ಗುತ್ತಾ ನುಗ್ಗುತ್ತಾ ಬೈಗುಳ ಚೆನ್ನಾಗಿಯೇ ಹದಕ್ಕೆ ಬಂದಿತ್ತು. ಹೊಂಗೆಮರದ ಕೆಳಗೆ ನಾಲ್ಕು ಕೋಣೆಯ ಶಾಲೆ. ಮುಖ್ಯೋಪಾಧ್ಯಾಯಿನಿಯವರು ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನಾನು ಯಾರು ಅಂತ ಹೇಳಿದ್ದೇ ತಡ, ಕುರ್ಚಿಯಿಂದ ಎದ್ದು ನಿಂತರು.

“ಅಯ್ಯೋ, ಪಿಡಿಎಫ್ ಮೇಷ್ಟ್ರು ನೀವೇನಾ? ನಿಮ್ಮಿಂದ ನನ್ ಕೆಲ್ಸ ಉಳೀತು ಕಣ್ರೀ,” ಅಂತ ಬೀರುವಿನಿಂದ ಒಂದು ಫೈಲು ತೆಗೆದರು. ನನ್ನ ಹದಿನೆಂಟು ಪುಟ. ಬಣ್ಣದ ಪ್ರಿಂಟು ತೆಗೆಸಿ, ಪ್ಲಾಸ್ಟಿಕ್ ಹಾಳೆಯೊಳಗೆ ಒಂದೊಂದೇ ಸೇರಿಸಿ, ಮೇಲೆ ಅರಿಶಿನ ಕುಂಕುಮದ ಬೊಟ್ಟು ಇಟ್ಟಿದ್ದರು.

ಬೈಗುಳ ಅರ್ಧ ಅಲ್ಲೇ ಹೋಯಿತು. ಉಳಿದದ್ದನ್ನು ಹಿಡಿದುಕೊಂಡು ಕೇಳಿದೆ: “ಮೇಡಂ, ನಮ್ ಶಾಲೆ ಹತ್ತನೇ ಕ್ಲಾಸಿನ ಹುಡುಗೀನ ನೀವ್ಯಾಕೆ ಸೇರಿಸ್ಕೊಂಡ್ರಿ?”

ಅವರಿಗೆ ಅರ್ಥವಾಗಲಿಲ್ಲ. ನಂಬರು ತೋರಿಸಿದೆ. ಆಗ ಅವರು ಫೈಲಿನ ಆರನೇ ಪುಟ ತೆಗೆದು ನನ್ನ ಬಾಣದ ಮೇಲೆ ಬೆರಳಿಟ್ಟರು.

“ಇದು ನೀವು ಕೊಟ್ಟ ಮಾದರಿ ಅಲ್ವಾ?”

“ಹೌದು, ಉದಾಹರಣೆಗೆ ಅಂತ...”

“ಅದೇ. ಮೊದ್ಲು ಮಾದರಿ ಲೆಕ್ಕ ಮಾಡಿದೆ. ಅದು ಸರಿಯಾಗಿ ಬಂತು. ಆಮೇಲೆ ನಮ್ ಮಕ್ಕಳದು ಶುರು ಮಾಡ್ದೆ. ಮಾದರಿ ಲೆಕ್ಕ ಬಿಟ್ಟು ಅಭ್ಯಾಸಕ್ಕೆ ಹೋದ್ರೆ ಮಕ್ಕಳಿಗೆ ಬೈತೀವಿ. ನಾನೇ ಹಾಗ್ ಮಾಡೋದಾ?”

ಮೂವತ್ತು ಚಿಲ್ಲರೆ ವರ್ಷ ಗಣಿತ ಹೇಳಿದ ಹೆಂಗಸು. ಪುಸ್ತಕದಲ್ಲಿ ಬಿಡಿಸಿ ತೋರಿಸಿದ ಲೆಕ್ಕವನ್ನು ಮೊದಲು ಅದೇ ಅಂಕಿಗಳಲ್ಲಿ ತಾನೂ ಒಮ್ಮೆ ಬಿಡಿಸುವುದು, ಉತ್ತರ ತಾಳೆಯಾದ ಮೇಲೆ ಮುಂದಕ್ಕೆ ಹೋಗುವುದು. ಎಷ್ಟು ಶಿಸ್ತು ನೋಡಿ. ನಾವೆಲ್ಲ ಕಲಿತದ್ದೂ ಕಲಿಸಿದ್ದೂ ಹಾಗೆಯೇ. ಪುಸ್ತಕದ ಮಾದರಿ ಲೆಕ್ಕ ಮಾಡಿದರೆ ಯಾರ ಮನೆಯೂ ಮುಳುಗುವುದಿಲ್ಲ, ಇಲ್ಲಿ ಮಾತ್ರ ಮಾದರಿಯೊಳಗೆ ಜೀವಂತ ಹುಡುಗಿಯೊಬ್ಬಳು ಇದ್ದಳು. ಅವಳನ್ನು ಅಲ್ಲಿ ಕೂರಿಸಿದವನು ನಾನು.

“ತರಗತಿ ಹತ್ತು ಅಂತ ಹುಡುಕ್ದೆ, ನಮ್ಮಲ್ಲಿ ಎಂಟರವರೆಗೇ ತೋರಿಸ್ತು. ಅದಕ್ಕೆ ಎಂಟು ಒತ್ತಿದೆ,” ಅಂದರು. ನಂತರ ಅವರ ಪಟ್ಟಿಯಲ್ಲಿ ಎಂಟನೇ ತರಗತಿಗೆ ಒಬ್ಬ ಹುಡುಗಿ ಹೆಚ್ಚಾಗಿ ಕಂಡಳಂತೆ. ಯಾರೋ ವಲಸೆ ಬಂದವರ ಮಗು, ಇವತ್ತಲ್ಲ ನಾಳೆ ಬರುತ್ತದೆ ಅಂದುಕೊಂಡರಂತೆ. ಬೀರುವಿನ ಕೆಳಗಿನ ಅರೆಯಿಂದ ಎಂಟನೇ ತರಗತಿಯ ಪುಸ್ತಕಗಳ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ಬಂದಾಗ ಇಲ್ಲ ಅನ್ನಬಾರದು ಅಂತ ಎತ್ತಿಟ್ಟಿದ್ದರು.

ಪರೀಕ್ಷೆಯ ವಿಷಯ ಹೇಳಿದೆ. ಅವರ ಮುಖ ಸಪ್ಪಗಾಯಿತು. ಅವರಿಗೆ ನಿವೃತ್ತಿಗೆ ಉಳಿದಿದ್ದದ್ದು ನಾಲ್ಕೇ ತಿಂಗಳು ಅಂತ ಗೋಡೆಯ ಮೇಲಿನ ಸಿಬ್ಬಂದಿ ಫಲಕದಲ್ಲಿದ್ದ ನಿವೃತ್ತಿಯ ತಾರೀಖು ನೋಡಿಯೇ ನನಗೆ ತಿಳಿದಿತ್ತು. ಈ ವೇಳೆಯಲ್ಲಿ ತಪ್ಪು ಒಪ್ಪಿಕೊಂಡು ಪತ್ರ ಬರೆಯಿರಿ ಅಂತ ಯಾವ ಬಾಯಲ್ಲಿ ಕೇಳುವುದು?

“ತಾಂತ್ರಿಕ ದೋಷ ಅಂತ ಬರೀರಿ ಮೇಡಂ, ಸಾಕು,” ಅಂದೆ.

“ಬೇಡ. ದೋಷ ಅಂದ್ರೆ ಯಾರ್ದು ಅಂತ ಹುಡುಕ್ತಾ ಕೂರ್ತಾರೆ. ಅಷ್ಟರೊಳಗೆ ಪರೀಕ್ಷೆ ಮುಗಿದಿರುತ್ತೆ. ನಂದೇ ತಪ್ಪು ಅಂತ ಬರೀತೀನಿ, ಕೂಡಲೇ ಬಿಡ್ತಾರೆ,” ಅಂತ ಕಾಗದ ಎಳೆದುಕೊಂಡರು. ದುಂಡಗಿನ ಅಕ್ಷರದಲ್ಲಿ ಒಂದೂ ಚಿತ್ತಿಲ್ಲದೆ ಬರೆದು, ಸಹಿ ಮಾಡಿ, ಸೀಲು ಒತ್ತಿದರು. ನನ್ನ ಪಿಡಿಎಫ್ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ವಾಪಸು ಬರುವಾಗ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಬೈಯಲಿಕ್ಕೆ ಹೋಗಿದ್ದೆನಲ್ಲ ನಾನು.

ಗುರುವಾರ ಮೊದಲ ಪೀರಿಯಡ್ಡಿನಿಂದ ಕಂಪ್ಯೂಟರ್ ಕೋಣೆಯಲ್ಲಿ ಕೂತೆ. ಮೂರು ವರ್ಷದ ಹಾಜರಿ ಪುಸ್ತಕಗಳನ್ನು ಕಿಟಕಿಯ ಬೆಳಕಿಗೆ ಹರಡಿ ಒಂದೊಂದು ತಿಂಗಳ ಪುಟದ ಫೋಟೋ ತೆಗೆದೆ. ಎಂಟು, ಒಂಬತ್ತನೇ ತರಗತಿಯ ಅಂಕಪಟ್ಟಿ, ಮೇಡಂ ಬರೆದ ಪತ್ರ, ಸೈಟಿನ ಪುಟದ ಸ್ಕ್ರೀನ್‌ಶಾಟು ಎಲ್ಲ ಸೇರಿಸಿ ಪಿಡಿಎಫ್ ಮಾಡಿದರೆ ಹದಿನಾಲ್ಕು ಎಂಬಿ. ಬೇಕಾದ್ದು ಎರಡು. ಚಿತ್ರಗಳನ್ನು ಚಿಕ್ಕದು ಮಾಡಿದರೆ ಅಕ್ಷರ ಇರುವೆಯಂತಾಗಿ ಏನೂ ಓದಲಾಗುತ್ತಿರಲಿಲ್ಲ. ಕೊನೆಗೆ ಪ್ರತಿ ಪುಟದಲ್ಲೂ ಅವಳ ಹೆಸರಿರುವ ಒಂದು ಸಾಲು, ಮೇಲೆ ತಿಂಗಳ ಹೆಸರು, ಇಷ್ಟನ್ನು ಮಾತ್ರ ಕತ್ತರಿಸಿ ಒಂದರ ಕೆಳಗೊಂದು ಜೋಡಿಸಲು ಶುರು ಮಾಡಿದೆ.

ಜೂನ್, ಜುಲೈ, ಆಗಸ್ಟ್. ಆ ಸಾಲುಗಳಲ್ಲಿ ಗೈರುಹಾಜರಿ ಹುಡುಕಿದರೂ ಸಿಗುತ್ತಿರಲಿಲ್ಲ. ಹಾಜರಿ, ಹಾಜರಿ, ಹಾಜರಿ. ಒಂಬತ್ತನೇ ತರಗತಿಯಲ್ಲಿ ಒಮ್ಮೆ ನಾಲ್ಕು ದಿನ ಬಂದಿರಲಿಲ್ಲ, ಜ್ವರ ಬಂದಿತ್ತು ಅಂತ ಪಕ್ಕದಲ್ಲಿ ಬರೆದಿತ್ತು. ಈ ಹುಡುಗಿ ದಿನವೂ ಬಂದಿದ್ದಾಳೆ, ನನ್ನ ಕಣ್ಣಮುಂದೆಯೇ ಮೂರನೇ ಬೆಂಚಿನಲ್ಲಿ ಕೂತಿದ್ದಾಳೆ. ನಾನು ಒಂದು ಟಿಕ್ ಹಾಕಿ ಅವಳನ್ನು ಇಲ್ಲವಾಗಿಸಿದ್ದೆ.

ಒಂದು ಪುಟ ಇನ್ನೂ ಬಾಕಿ ಇದೆ ಅನ್ನಿಸಿತು. ನನ್ನದೇ ಕೈಪಿಡಿಯ ಆರನೇ ಪುಟ ತೆರೆದು, ಆ ನಂಬರು, ಆ ಬಾಣ ಕಾಣುವ ಹಾಗೆ ಚಿತ್ರ ತೆಗೆದು ಕೊನೆಯಲ್ಲಿ ಹಾಕಿದೆ. ಕೆಳಗೆ ಎರಡು ಸಾಲು ಬರೆದೆ. ಈ ಚಿತ್ರದಲ್ಲಿ ನಿಜವಾದ ವಿದ್ಯಾರ್ಥಿನಿಯ ನಂಬರು ಹಾಕಿದವನು ನಾನು, ನೋಡದೆ ಒಪ್ಪಿಗೆ ಕೊಟ್ಟವನೂ ನಾನು, ಆ ಮುಖ್ಯೋಪಾಧ್ಯಾಯಿನಿಯವರು ನಾನು ತೋರಿಸಿದಂತೆ ಮಾಡಿದ್ದಾರೆ ಅಷ್ಟೆ.

ಹೆಡ್ಮಾಸ್ಟರು ಹಿಂದೆ ನಿಂತು ಓದಿದರು. “ಯಾಕ್ರೀ ಮೇಷ್ಟ್ರೇ ಮೈಮೇಲೆ ಎಳ್ಕೋತೀರಾ? ಅವ್ರೇ ಬರ್ಕೊಟ್ಟಿದಾರಲ್ಲ.”

“ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ ಸಾರ್. ಉಣ್ಣೋನು ನಾನು. ಅವ್ರ ತಟ್ಟೆಗೆ ಯಾಕೆ ಹಾಕ್ಲಿ?” ಅಂದೆ. ಅವರು ಆ ಪುಟದ ಪ್ರಿಂಟಿಗೆ ತಮ್ಮ ಸಹಿ ಹಾಕಿದರು. ಸ್ಕ್ಯಾನ್ ಮಾಡಿ ಸೇರಿಸಿದ ಮೇಲೆ ನೋಡಿದರೆ ಪಿಡಿಎಫ್ ಎರಡು ಎಂಬಿಗೆ ಒಂಚೂರು ಕಡಿಮೆ.

ಪೆನ್‌ಡ್ರೈವಿಗೆ ಹಾಕಿಕೊಂಡು ಆಫೀಸಿಗೆ ಹೊರಟಾಗ ಮೂರೂ ಕಾಲು. ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ ಅವತ್ತೇ ಅಷ್ಟು ಉದ್ದ ಇರಬೇಕೇ. ಹೆಸರಘಟ್ಟ ರಸ್ತೆಯಲ್ಲಿ ಪೈಪಿಗೆ ಅಂತ ಅಗೆದಿದ್ದರು. ಅಂತೂ ನಾಲ್ಕು ಗಂಟೆ ದಾಟಿದ ಮೇಲೆ ಆಪರೇಟರ್ ಹೆಣ್ಣುಮಗಳ ಮೇಜಿನ ಮುಂದೆ ಬೆವರು ಒರೆಸಿಕೊಳ್ಳುತ್ತಾ ನಿಂತೆ. ಆಕೆ ಪಿಡಿಎಫ್ ತೆರೆದು ಒಂದೊಂದೇ ಪುಟ ನೋಡಿದಳು. ಕೊನೆಯ ಪುಟಕ್ಕೆ ಬಂದಾಗ ತಲೆ ಎತ್ತಿದಳು.

“ಸಾರ್, ಈ ಪಿಡಿಎಫ್ ನೋಡ್ಕೊಂಡೇ ನಾನೂ ಕೆಲ್ಸ ಕಲ್ತಿದ್ದು.”

“ನೀವೂ ಮಾದರಿ ಲೆಕ್ಕ ಅಂತ ಆ ನಂಬರು ಹೊಡೆದ್ರಾ?”

“ಇಲ್ಲ ಸಾರ್. ನಾನು ಗಣಿತದಲ್ಲಿ ದಡ್ಡಿ. ಮಾದರಿ ಬಿಟ್ಟು ನೇರ ಲೆಕ್ಕಕ್ಕೇ ಹೋಗೋಳು,” ಅಂತ ನಕ್ಕಳು.

ಪಿಡಿಎಫ್ ಅಪ್‌ಲೋಡ್ ಮಾಡಿದಳು. ಒಳಗಿನ ಕೋಣೆಗೆ ಹೋಗಿ ಸಾಹೇಬರ ಒಪ್ಪಿಗೆ ತಂದಳು. ಆ ಶಾಲೆಯಿಂದ ಬಿಡಿಸಿದಳು, ನಮ್ಮ ಶಾಲೆಗೆ ಸೇರಿಸಿದಳು, ಹತ್ತನೇ ತರಗತಿ ಅಂತ ಒತ್ತಿದಳು. ಪ್ರತಿ ಸಲ ತೆರೆಯ ಮೇಲೆ ಗಾಲಿ ತಿರುಗುವಾಗ ನಾನು ಮನೆದೇವರಿಂದ ಹಿಡಿದು ದಾರಿಯಲ್ಲಿ ಸಿಕ್ಕ ಗುಡಿಗಳ ತನಕ ಎಲ್ಲರಿಗೂ ಕೈಮುಗಿದೆ. ಕೊನೆಗೆ ಆಕೆ ಪಟ್ಟಿಯನ್ನು ಮತ್ತೆ ತೆರೆದು ತೆರೆಯನ್ನು ನನ್ನ ಕಡೆಗೆ ತಿರುಗಿಸಿದಳು.

“ಎಣಿಸ್ಕೊಳ್ಳಿ ಸಾರ್.”

ಎಣಿಸಿದೆ. ನಲವತ್ತು. 

ಹೋದ ಜೀವ ಬಂದ ಹಾಗಾಯಿತು ಅಂತ ಎಷ್ಟೋ ಸಲ ಸುಮ್ಮನೆ ಅಂದಿದ್ದೇನೆ, ಅದು ಮೈಯಲ್ಲಿ ಹೇಗಿರುತ್ತದೆ ಅಂತ ಅವತ್ತು ಗೊತ್ತಾಯಿತು. ಆಫೀಸಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಒಂದು ಟೀ ಕುಡಿದೆ, ಇನ್ನೊಂದು ಕುಡಿದೆ. ಮೇಡಂಗೆ ಫೋನು ಮಾಡಿ ಹೇಳಿದೆ. ಆ ಕಡೆಯಿಂದ ಮೂಗು ಏರಿಸುವ ಸದ್ದು ಕೇಳಿಸಿತು, ನಾನೂ ಅದನ್ನೇ ಮಾಡುತ್ತಿದ್ದೆ. ಮುಂದೆ ಇಬ್ಬರಿಗೂ ಕಾರಣ ಕೇಳಿ ಒಂದೊಂದು ನೋಟಿಸು ಬಂತು, ಉತ್ತರ ಕೊಟ್ಟೆವು, ಅಲ್ಲಿಗೆ ಮುಗಿಯಿತು. ಅವರು ಮೇ ತಿಂಗಳಲ್ಲಿ ಹಾರ ಹಾಕಿಸಿಕೊಂಡೇ ನಿವೃತ್ತರಾದರು.

ಮೆಟ್ಟಿಲಿನಿಂದ ಎದ್ದವನು ಮನೆಗೆ ಹೋಗಬಹುದಿತ್ತು. ಹುಡುಗಿಗೆ ಮರುದಿನ ಹೇಳಿದರೂ ನಡೆಯುತ್ತಿತ್ತು. ಆದರೆ ಆ ತಾಯಿ ‘ಓಗ್ಲಿ ಬುಡಿ’ ಅಂದದ್ದು ಎರಡು ದಿನದಿಂದ ನನ್ನ ಕಿವಿ ಬಿಟ್ಟಿರಲಿಲ್ಲ. ಐದೂವರೆಗೆ ಯೂನಿಟ್ಟಿನ ಗೇಟಿಗೆ ಹೋಗಿ ನಿಂತೆ. ಹೆಂಗಸರು ಬುತ್ತಿಚೀಲ ಹಿಡಿದು ಗುಂಪುಗುಂಪಾಗಿ ಹೊರಗೆ ಬಂದರು. ನನ್ನನ್ನು ನೋಡಿದ್ದೇ ಆಕೆ ಅಲ್ಲೇ ನಿಂತಳು, ಹತ್ತಿರ ಬರಲಿಲ್ಲ. ನಾನೇ ಹೋದೆ.

“ಆಯ್ತಮ್ಮ. ಪಟ್ಟೀಲಿ ಬಂದಿದಾಳೆ. ಪರೀಕ್ಷೆ ಬರೀತಾಳೆ,” ಅಂದೆ.

ಆಕೆ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

“ಇನ್ನೊಂದು ಮಾತು. ಕಂಪ್ಯೂಟರ್ ತಪ್ಪಲ್ಲಮ್ಮ ಅದು. ನಾನು ಮಾಡಿದ ತಪ್ಪು.”

ಅದನ್ನು ಆಕೆ ಕೇಳಿಸಿಕೊಂಡಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೇಟಿನ ಕಂಬಕ್ಕೆ ಒರಗಿ, ಬುತ್ತಿಚೀಲವನ್ನು ಎದೆಗೆ ಒತ್ತಿಕೊಂಡು ಅಳಲು ಶುರು ಮಾಡಿದಳು. ಹೋಗುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಮಂಗಳವಾರ ಒಂದು ಹನಿ ನೀರು ಹಾಕದವಳು. ಅಳು ನಿಂತ ಮೇಲೆ ಚೀಲದೊಳಗೆ ಕೈ ಹಾಕಿ ಮಡಿಚಿದ ಒಂದು ಕಾಗದ ತೆಗೆದಳು. ಯೂನಿಟ್ಟಿನ ಕೆಲಸದ ಅರ್ಜಿ. ಮಗಳ ಹೆಸರು ಬರೆದಿತ್ತು, ವಯಸ್ಸಿನ ಜಾಗದಲ್ಲಿ ಹದಿನೆಂಟು ಅಂತಿತ್ತು, ಮೂಲೆಯಲ್ಲಿ ಅವಳ ಪಾಸ್‌ಪೋರ್ಟ್ ಸೈಜಿನ ಫೋಟೋ ಅಂಟಿಸಿತ್ತು. ಬರುವ ಸೋಮವಾರ ಕೊಡಬೇಕಿತ್ತಂತೆ.

ಆಕೆ ಉಗುರಿನ ತುದಿಯಿಂದ ಆ ಫೋಟೋವನ್ನು ಒಂದು ಮೂಲೆಯಿಂದ ಮೆಲ್ಲಗೆ ಎಬ್ಬಿಸಿದಳು. ಹರಿಯದಂತೆ, ಉಸಿರು ಹಿಡಿದುಕೊಂಡು, ಪೂರ್ತಿ ಬಿಡಿಸಿದಳು. ಹಿಂದೆ ಅಂಟಿದ್ದ ಕಾಗದದ ಚೂರನ್ನು ಸೆರಗಿನಿಂದ ಉಜ್ಜಿ ನನ್ನ ಕೈಗಿಟ್ಟಳು.

“ಆಲ್ ಟಿಕೀಟ್ಗೆ ಬೇಕಾಯ್ತದೇನೋ, ಮಡಿಕ್ಕಳಿ ಸಾ,” ಅಂದಳು.

ಹಾಲ್ ಟಿಕೆಟ್ಟಿಗೆ ಫೋಟೋ ಆಗಲೇ ಸೈಟಿನಲ್ಲಿತ್ತು. ಬೇಕಾಗಿರಲಿಲ್ಲ. “ಬೇಕಾಗುತ್ತಮ್ಮ,” ಅಂದು ಜೇಬಿಗೆ ಹಾಕಿಕೊಂಡೆ. ಆಕೆ ಖಾಲಿ ಚೌಕ ಉಳಿದ ಆ ಅರ್ಜಿಯನ್ನು ನಾಲ್ಕು ಚೂರು ಮಾಡಿ, ಚೂರುಗಳನ್ನು ಬೀದಿಗೆ ಎಸೆಯದೆ ಮತ್ತೆ ಬುತ್ತಿಚೀಲಕ್ಕೇ ಹಾಕಿಕೊಂಡು, ಬಸ್ಸಿನ ಕಡೆ ನಡೆದಳು.